ಕಣ್ಣೀರನ್ನು ಸುಲಭವಾಗಿ ನಂಬದವರು ಯಾವ ‘ದೇವದಾಸ’ ನೋಡಬೇಕು?

ಶರತ್‌ಚಂದ್ರ ಚಟ್ಟೋಪಾಧ್ಯಾಯರ ‘ದೇವದಾಸ’ ಕಾದಂಬರಿ ಪ್ರಕಟವಾದದ್ದು 1917ರಲ್ಲಿ. ಹನ್ನೊಂದು ವರ್ಷಗಳ ಬಳಿಕ ನರೇಶ್ ಮಿತ್ರ ಅದನ್ನು ಮೂಕಿ ಚಿತ್ರವಾಗಿ ತೆಗೆದರು. ಆಮೇಲೆ ಬಂಗಾಳಿ, ಹಿಂದಿ, ತಮಿಳು, ತೆಲುಗು ಎಂದು ಈ ಕಥೆ ತೆರೆಗೆ ಬರುತ್ತಲೇ ಇದೆ. ಕಾದಂಬರಿಯನ್ನು ಓದದ, ಯಾವ ಚಿತ್ರವನ್ನೂ ನೋಡದ ಕನ್ನಡಿಗರೂ ಗಡ್ಡ ಬಿಟ್ಟು ಮಂಕಾಗಿ ಕುಳಿತ ಹುಡುಗನನ್ನು ದೇವದಾಸ ಎಂದೇ ಕರೆಯುತ್ತಾರೆ. ಹಾಗಾಗಿ ಒಂದಲ್ಲ ಒಂದು ಸಂಜೆ ‘ಯಾವುದನ್ನು ನೋಡೋಣ’ ಎಂಬ ಪ್ರಶ್ನೆ ಎದುರಾಗುತ್ತದೆ, ಮನೆಯವರು ಸಾಮಾನ್ಯವಾಗಿ 2002ರ ಅದ್ದೂರಿ ಚಿತ್ರದತ್ತ ಕೈ ತೋರಿಸುತ್ತಾರೆ.

ಆ ಕೈಯನ್ನು ಸ್ವಲ್ಪ ತಡೆಯುವುದು ನನ್ನ ಉದ್ದೇಶ. ಪ್ರೀತಿ ಕೈಗೂಡದ ಗಂಡಸು ಕುಡಿದು ಕುಡಿದು ಸಾಯುವುದನ್ನು ತ್ಯಾಗವೆಂದು ಒಪ್ಪಲು ನನ್ನಿಂದ ಆಗುವುದಿಲ್ಲ. ಹಿನ್ನೆಲೆ ಸಂಗೀತ ಏರಿದ ಕ್ಷಣಕ್ಕೆ ಸರಿಯಾಗಿ ಅಳುವುದೂ ಆಗುವುದಿಲ್ಲ. ಈ ಬರಹ ಅಂಥದೇ ಮನಸ್ಸಿನವರಿಗಾಗಿ. ಅವರಿಗೂ ಈ ಕಥೆಯಲ್ಲಿ ಒಂದು ಚಿತ್ರ ಖಂಡಿತ ಇದೆ, ಆದರೆ ಅದು ಎಲ್ಲರೂ ಮೊದಲು ಹೆಸರಿಸುವ ಚಿತ್ರವಲ್ಲ.

ಅಳೆಯುವುದಕ್ಕೆ ಮೊದಲು ಕಾದಂಬರಿ

ಅನುಮಾನದ ಪ್ರೇಕ್ಷಕನಿಗೆ ಮೊದಲು ತಿಳಿಯಬೇಕಾದದ್ದು ಇದು: ಮೂಲ ಕಾದಂಬರಿ ದೇವದಾಸನನ್ನು ಹೊಗಳುವುದೇ ಇಲ್ಲ. ತಾಲಸೋನಾಪುರ ಎಂಬ ಹಳ್ಳಿಯ ಜಮೀನ್ದಾರನ ಮಗ ಅವನು. ಪಕ್ಕದ ಮನೆಯ ಪಾರ್ವತಿ ಬಾಲ್ಯದ ಗೆಳತಿ, ಅವನ ಏಟುಗಳನ್ನು ತಿಂದೇ ಬೆಳೆದವಳು. ಅವಳಿಗೆ ಹದಿಮೂರಾದಾಗ ಅಜ್ಜಿ ಮದುವೆಯ ಪ್ರಸ್ತಾಪ ಎತ್ತುತ್ತಾಳೆ. ದೇವದಾಸನ ಮನೆಯವರು ಒಪ್ಪುವುದಿಲ್ಲ. ಕಾರಣಗಳು ಸ್ಪಷ್ಟ: ಪಾರ್ವತಿಯದು ಹೆಣ್ಣು ಕೊಡುವಾಗ ಹಣ ಪಡೆಯುವ ಮನೆತನ, ಸಾಲದ್ದಕ್ಕೆ ಪಕ್ಕದ ಮನೆಯ ಸಂಬಂಧ. ಪಾರ್ವತಿ ನಡುರಾತ್ರಿ ಒಬ್ಬಳೇ ಅವನ ಕೋಣೆಗೆ ಬಂದು ನೇರವಾಗಿ ಕೇಳುತ್ತಾಳೆ. ಆ ಕಾಲದ ಹಳ್ಳಿಯ ಹುಡುಗಿಯೊಬ್ಬಳು ತನ್ನ ಮಾನವನ್ನೆಲ್ಲ ಪಣವಿಟ್ಟು ಮಾಡುವ ಕೆಲಸ ಅದು. ಅವನು ತಂದೆತಾಯಿಯ ಹೆಸರು ಹೇಳಿ ನುಣುಚಿಕೊಳ್ಳುತ್ತಾನೆ, ಕಲ್ಕತ್ತೆಗೆ ಹೋಗಿ ‘ನಿನ್ನನ್ನು ಅಷ್ಟೊಂದು ಪ್ರೀತಿಸಿರಲಿಲ್ಲ’ ಎಂಬ ಅರ್ಥದ ಪತ್ರ ಬರೆಯುತ್ತಾನೆ. ಪಶ್ಚಾತ್ತಾಪವಾಗಿ ಮರಳಿ ಬಂದಾಗ ಅವಳು ಬೇಡವೆನ್ನುತ್ತಾಳೆ. ಆಗ ಮೀನಿನ ಗಾಳದ ಕೋಲಿನಿಂದ ಅವಳ ಹಣೆಗೆ ಹೊಡೆದು ಗಾಯ ಮಾಡುತ್ತಾನೆ.

ಇಷ್ಟರಲ್ಲಿ ಖಳನಾಯಕರು ಯಾರೂ ಇಲ್ಲ. ಒಬ್ಬ ದುರ್ಬಲ ಯುವಕ, ಅವನಿಗಿಂತ ಎರಡು ಪಟ್ಟು ಧೈರ್ಯವಿರುವ ಹುಡುಗಿ, ಅವರಿಬ್ಬರ ಸುತ್ತ ಜಾತಿ, ಹಣ, ಮರ್ಯಾದೆಗಳ ಗೋಡೆ. ಪಾರ್ವತಿ ದೊಡ್ಡ ಮಕ್ಕಳಿರುವ ವಿಧುರ ಜಮೀನ್ದಾರ ಭುವನ್ ಚೌಧುರಿಯನ್ನು ಮದುವೆಯಾಗಿ ಹಾತಿಪೋತಾಕ್ಕೆ ಹೋಗುತ್ತಾಳೆ. ಮುನಿಸಿಕೊಂಡ ಮಲಮಗಳಿಗೆ ತನ್ನ ಒಡವೆಗಳನ್ನೆಲ್ಲ ತೊಡಿಸಿ ಒಲಿಸಿಕೊಳ್ಳುತ್ತಾಳೆ, ಸಂಸಾರ ನಿಭಾಯಿಸುತ್ತಾಳೆ. ಕಲ್ಕತ್ತೆಯ ವೇಶ್ಯೆ ಚಂದ್ರಮುಖಿ ದೇವದಾಸನ ತಿರಸ್ಕಾರವನ್ನು ಕಂಡ ಮೇಲೆ ಕಸುಬು ಬಿಟ್ಟು ಹಳ್ಳಿ ಸೇರುತ್ತಾಳೆ. ಇಬ್ಬರು ಹೆಂಗಸರೂ ಬದಲಾಗುತ್ತಾರೆ, ಬೆಳೆಯುತ್ತಾರೆ. ದೇವದಾಸ ಮಾತ್ರ ಇಳಿಯುತ್ತಲೇ ಹೋಗುತ್ತಾನೆ. ಕೊನೆಯಲ್ಲಿ ಲೇಖಕರು ಓದುಗರಲ್ಲಿ ಬೇಡುವುದು ಅವನಂತೆ ಬದುಕಿರಿ ಎಂದಲ್ಲ, ಅವನಿಗೆ ಬಂದಂಥ ಸಾವು ಯಾರಿಗೂ ಬಾರದಿರಲಿ ಎಂದು. ಇಪ್ಪತ್ತರ ಹರೆಯದಲ್ಲಿ ಬರೆದ ಈ ಕೃತಿಯನ್ನು ಅಚ್ಚಿಗೆ ಕೊಡಲು ಅವರು ಬಹಳ ವರ್ಷ ಹಿಂಜರಿದಿದ್ದರು.

ಆದ್ದರಿಂದ ನಾನು ಪ್ರತಿ ಚಿತ್ರಕ್ಕೂ ಕೇಳುವ ಪ್ರಶ್ನೆ: ತಪ್ಪನ್ನು ದೇವದಾಸನ ತಲೆಯ ಮೇಲೆ ಉಳಿಸುತ್ತದೆಯೋ, ಬೇರೆಯವರ ಮೇಲೆ ಹೊರಿಸುತ್ತದೆಯೋ? ಕೋಲಿನ ಏಟನ್ನು ಏಟೆಂದು ತೋರಿಸುತ್ತದೆಯೋ, ಪ್ರೀತಿಯ ಗುರುತೆಂದು ಸಿಂಗರಿಸುತ್ತದೆಯೋ? ಉಳಿದದ್ದೆಲ್ಲ, ಅಂದರೆ ಹಾಡು, ಉಡುಗೆ, ಸೆಟ್ಟು, ಇವಕ್ಕಿಂತ ಆಮೇಲಿನದು.

2002: ಕಣ್ಣಿಗೆ ಹಬ್ಬ, ಕಥೆಗೆ ಅನ್ಯಾಯ

ಸಂಜಯ್ ಲೀಲಾ ಭನ್ಸಾಲಿ ಅವರ ಚಿತ್ರವನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ಆ ಕಾಲಕ್ಕೆ ಹಿಂದಿಯ ಅತ್ಯಂತ ದುಬಾರಿ ಚಿತ್ರ ಅದು. ಕಾನ್ ಚಿತ್ರೋತ್ಸವದಲ್ಲಿ ಸ್ಪರ್ಧೆಯಾಚೆಗಿನ ವಿಭಾಗದಲ್ಲಿ ತೋರಿಸಲ್ಪಟ್ಟಿತು. ಬಿನೋದ್ ಪ್ರಧಾನ್ ಅವರ ಛಾಯಾಗ್ರಹಣ, ನಿತಿನ್ ದೇಸಾಯಿ ಅವರ ಕಲಾ ನಿರ್ದೇಶನ ಇಂದಿಗೂ ಬೆರಗುಗೊಳಿಸುತ್ತವೆ. ಪಂಡಿತ್ ಬಿರ್ಜು ಮಹಾರಾಜ್ ಸಂಯೋಜಿಸಿದ ಕಥಕ್‌ಗೆ ಮಾಧುರಿ ದೀಕ್ಷಿತ್ ಹೆಜ್ಜೆ ಹಾಕುವುದನ್ನು ನೋಡಲೆಂದೇ ಈ ಚಿತ್ರ ಹಾಕಿಕೊಳ್ಳುವವರಿದ್ದಾರೆ. ಅವರೊಡನೆ ನನಗೆ ಜಗಳವಿಲ್ಲ. ಶ್ರೇಯಾ ಘೋಷಾಲ್ ಹಿಂದಿ ಚಿತ್ರರಂಗಕ್ಕೆ ಬಂದದ್ದು ಇದರಿಂದಲೇ. ಮುಂದೆ ಕನ್ನಡದ ಎಷ್ಟೋ ಹಾಡುಗಳಲ್ಲಿ ನಮಗೆ ಆಪ್ತವಾದ ಆ ದನಿ ಇಲ್ಲಿ ಇನ್ನೂ ಹದಿಹರೆಯದ ಹುಡುಗಿಯದು. ಪಾರ್ವತಿಯಾಗಿರುವ, ಮಂಗಳೂರಿನಲ್ಲಿ ಹುಟ್ಟಿದ ಐಶ್ವರ್ಯಾ ರೈ ಅವರಿಗೆ ಸಿಟ್ಟಿನ ದೃಶ್ಯಗಳಲ್ಲಿ ನಿಜವಾದ ಕಾವು ಇದೆ.

ಆದರೆ ಕಥೆ? ಕಲ್ಕತ್ತೆಯಿಂದ ಬರುವ ಹುಡುಗ ಇಲ್ಲಿ ಲಂಡನ್ನಿನಿಂದ ಬರುತ್ತಾನೆ. ಬಡ ನೆರೆಮನೆ ಬಣ್ಣದ ಗಾಜಿನ ಅರಮನೆಯಾಗಿದೆ. ಪಾರ್ವತಿ ವರ್ಷಗಟ್ಟಲೆ ಆರದಂತೆ ದೀಪ ಕಾಯುತ್ತಾಳೆ. ಒಂದೊಂದೂ ಚಿಕ್ಕ ಬದಲಾವಣೆ ಎನಿಸಬಹುದು. ಎಲ್ಲ ಸೇರಿದಾಗ ಕಾದಂಬರಿಯ ಬೆನ್ನೆಲುಬೇ ಮಾಯವಾಗುತ್ತದೆ. ಎರಡೂ ಮನೆಗಳಲ್ಲಿ ಅದೇ ಎತ್ತರದ ಕಂಬ, ಅದೇ ತೂಗುದೀಪ ಹೊಳೆಯುತ್ತಿದ್ದರೆ ‘ನೀವು ನಮ್ಮ ಸಮಕ್ಕಿಲ್ಲ’ ಎಂಬ ಮಾತನ್ನು ಪ್ರೇಕ್ಷಕ ನಂಬುವುದಾದರೂ ಹೇಗೆ? ಅಂತರ ಕಣ್ಣಿಗೆ ಕಾಣದಿರುವುದರಿಂದ ಅದನ್ನು ಸಂಭಾಷಣೆಯಲ್ಲಿ ಕೂಗಿ ಹೇಳಬೇಕಾಗುತ್ತದೆ. ಪಾರ್ವತಿಯ ತಾಯಿ ಸುಮಿತ್ರಾ ತುಂಬಿದ ಸಭೆಯಲ್ಲಿ ಕುಣಿದು ಅವಮಾನಕ್ಕೊಳಗಾಗುವ ದೃಶ್ಯ ಬಂದಿರುವುದು ಅದಕ್ಕಾಗಿಯೇ. ಕಿರಣ್ ಖೇರ್ ಅದನ್ನು ಮನಸ್ಸಿಗೆ ನಾಟುವಂತೆ ಅಭಿನಯಿಸಿದ್ದಾರೆ. ಆದರೆ ಆ ಅಭಿನಯದ ಬಲದಿಂದಲೇ ನಮ್ಮ ಸಿಟ್ಟು ದೇವದಾಸನನ್ನು ಬಿಟ್ಟು ಅವನ ಮನೆಯ ಹೆಂಗಸರ ಮೇಲೆ ತಿರುಗುತ್ತದೆ.

ನನ್ನ ಮುಖ್ಯ ತಕರಾರು ಇಲ್ಲಿದೆ. ಅತ್ತಿಗೆ ಕುಮುದ್ ಹೊಂಚು ಹಾಕುತ್ತಾಳೆ, ತಾಯಿ ಸೊಕ್ಕು ತೋರುತ್ತಾಳೆ, ತಂದೆ ಗದರುತ್ತಾನೆ. ಭುವನ್‌ನ ಅಳಿಯ ಕಾಲಿಬಾಬು ಎಂಬ ಹೊಸ ದುಷ್ಟನನ್ನೂ ಸೃಷ್ಟಿಸಿ ತರಲಾಗಿದೆ. ಇಷ್ಟು ಜನ ಸೇರಿ ಕೆಡಿಸಿದ ಮೇಲೆ ದೇವದಾಸನ ಪಾಲಿಗೆ ತಪ್ಪೆಂಬುದು ಉಳಿಯುವುದೇ ಇಲ್ಲ. ಅವನು ಹೇಳಬೇಕಾದಾಗ ಹೇಳದ ಒಂದು ಮಾತು ಇಡೀ ಕಾದಂಬರಿಯ ತಿರುಗಣೆ. ಇಲ್ಲಿ ಅದು ಹತ್ತು ಸಂಚುಗಳ ನಡುವೆ ಕಳೆದುಹೋಗುತ್ತದೆ. ಮದುವೆಯ ದಿನ ಸಿಂಗಾರಗೊಂಡ ಪಾರ್ವತಿಯ ಹಣೆಗೆ ಅವನು ಹಾರದಿಂದ ಹೊಡೆಯುತ್ತಾನೆ. ರಕ್ತದ ಹನಿ ಕುಂಕುಮದಷ್ಟೇ ಚೆಂದವಾಗಿ ಬೆಳಗುತ್ತದೆ. ಹೆಣ್ಣಿಗೆ ಬಿದ್ದ ಏಟನ್ನು ಇಷ್ಟು ಸುಂದರವಾಗಿ ತೋರಿಸಬಾರದು. ನಾನು ಈ ಚಿತ್ರದಿಂದ ಹೊರಗೆ ಬಿದ್ದದ್ದು ಆ ದೃಶ್ಯದಲ್ಲಿ, ಮತ್ತೆ ಒಳಗೆ ಹೋಗಲು ಆಗಲಿಲ್ಲ.

ಕಾದಂಬರಿಯಲ್ಲಿ ಪಾರ್ವತಿ ಮತ್ತು ಚಂದ್ರಮುಖಿ ಒಮ್ಮೆಯೂ ಭೇಟಿಯಾಗುವುದಿಲ್ಲ. ಇಲ್ಲಿ ದುರ್ಗಾಪೂಜೆಗೆ ಒಟ್ಟಿಗೆ ಕುಣಿಯುತ್ತಾರೆ. ಇದನ್ನು ಮೂಲಕ್ಕೆ ಬಗೆದ ದ್ರೋಹ ಎಂದು ಹಲವರು ಬೈದಿದ್ದಾರೆ, ನಾನು ಬೈಯಲಾರೆ. ಆ ಹಾಡಿನ ಬೆನ್ನಿಗೇ ಚಂದ್ರಮುಖಿ ತುಂಬಿದ ಮನೆಯಲ್ಲಿ ಕಾಲಿಬಾಬುವಿನ ಬಾಯಿ ಮುಚ್ಚಿಸುತ್ತಾಳೆ. ಚಿತ್ರದಲ್ಲಿ ಯಾರಾದರೂ ಒಬ್ಬರು ನಿಜ ಹೇಳಿದರಲ್ಲ ಎಂಬ ಸಮಾಧಾನ ನನಗೆ ಸಿಕ್ಕಿದ್ದು ಅಲ್ಲಿ ಮಾತ್ರ. ಕೊನೆಗೆ ಉದ್ದನೆಯ ಮೊಗಸಾಲೆಯಲ್ಲಿ ಓಡಿಬರುವ ಪಾರ್ವತಿ, ಗಂಡನ ಆಜ್ಞೆಯಂತೆ ಮುಚ್ಚಿಕೊಳ್ಳುವ ಹೆಬ್ಬಾಗಿಲು. ದೃಶ್ಯದ ಜೋರು ಒಪ್ಪಬೇಕಾದ್ದೇ. ಅಳು ಬಾರದವರು ತಮ್ಮಲ್ಲೇ ಏನೋ ಕೊರತೆಯಿದೆ ಎಂದು ತಿಳಿಯಬೇಕಾಗಿಲ್ಲ.

ಈ ಚಿತ್ರ ಯಾರಿಗೆ ಸರಿ? ನೃತ್ಯ, ಸಂಗೀತ, ವಸ್ತ್ರವಿನ್ಯಾಸಗಳಲ್ಲಿ ಆಸಕ್ತಿ ಇರುವವರಿಗೆ, ದೊಡ್ಡ ಪರದೆ ಸಿಗುವವರಿಗೆ. ಮೂರು ಗಂಟೆಗೂ ಮೀರಿದ ಅವಧಿ. ಒಮ್ಮೆಗೇ ನೋಡಲೇಬೇಕೆಂದಿಲ್ಲ, ಹಾಡುಗಳನ್ನಷ್ಟೇ ನೋಡಿದರೂ ಅದರ ಶ್ರೇಷ್ಠ ಭಾಗ ನಿಮ್ಮದಾಗುತ್ತದೆ.

1955: ನನ್ನ ಆಯ್ಕೆ

ಬಿಮಲ್ ರಾಯ್ ಈ ಕಥೆಗೆ ಹೊಸಬರಾಗಿರಲಿಲ್ಲ. ನ್ಯೂ ಥಿಯೇಟರ್ಸ್‌ಗಾಗಿ ಪ್ರಮಥೇಶ್ ಬರುವಾ ಮೂವತ್ತರ ದಶಕದಲ್ಲಿ ಇದನ್ನು ತೆಗೆದಾಗ ಕ್ಯಾಮೆರಾ ಹಿಂದೆ ನಿಂತಿದ್ದವರು ಅವರೇ. ಎರಡು ದಶಕಗಳ ಬಳಿಕ ತಾವೇ ನಿರ್ದೇಶಿಸುವಾಗ ನಬೇಂದು ಘೋಷ್ ಚಿತ್ರಕಥೆ ಬರೆದರು, ರಾಜಿಂದರ್ ಸಿಂಗ್ ಬೇಡಿ ಸಂಭಾಷಣೆ, ಸಾಹಿರ್ ಲುಧಿಯಾನವಿ ಗೀತೆಗಳು, ಎಸ್.ಡಿ. ಬರ್ಮನ್ ಸಂಗೀತ. ಇಷ್ಟು ದೊಡ್ಡ ಹೆಸರುಗಳಿದ್ದರೂ ಚಿತ್ರ ತಗ್ಗಿದ ದನಿಯಲ್ಲೇ ಮಾತಾಡುತ್ತದೆ.

ಅವಸರವಿಲ್ಲದೆ ಬಾಲ್ಯದಿಂದ ಶುರುವಾಗುತ್ತದೆ. ಶಾಲೆ, ಮಾವಿನ ತೋಪು, ಹುಡುಗನ ಹಠ, ಹುಡುಗಿಯ ಸಹನೆ. ಹಳ್ಳಿಯ ದಾರಿಯಲ್ಲಿ ವೈಷ್ಣವ ಗಾಯಕರು ರಾಧೆಯ ವಿರಹ ಹಾಡಿಕೊಂಡು ಹೋಗುತ್ತಾರೆ. ಮನ್ನಾ ಡೇ ಮತ್ತು ಗೀತಾ ದತ್ ಅವರ ದನಿ. ಕಥೆಯ ನೋವನ್ನು ನಾಯಕ ಎದೆ ಬಡಿದುಕೊಂಡು ಹೇಳಬೇಕಾಗಿಲ್ಲ, ಊರಿನ ಹಾಡೇ ಹೇಳುತ್ತದೆ. ಎರಡು ಮನೆಗಳ ಅಂತರವೂ ಗೋಡೆ, ಅಂಗಳ, ಉಡುಪುಗಳಲ್ಲಿ ಕಾಣುತ್ತದೆ, ಯಾರೂ ಕೂಗಬೇಕಾಗಿಲ್ಲ.

ಸುಚಿತ್ರಾ ಸೇನ್ ಅವರ ಪಾರ್ವತಿಗಾಗಿಯೇ ಈ ಚಿತ್ರವನ್ನು ಮತ್ತೆ ಮತ್ತೆ ನೋಡಬಹುದು. ನಡುರಾತ್ರಿಯ ಭೇಟಿಯಲ್ಲಿ ಅವಳ ಮುಖದ ಮೇಲೆ ನಾಚಿಕೆಗಿಂತ ಹೆಚ್ಚಾಗಿ ನಿರ್ಧಾರವಿದೆ. ದೇವದಾಸ ತಡವರಿಸುತ್ತಿರುವಾಗ ಅವಳು ಅವನನ್ನು ಅಳೆದು ಮುಗಿಸಿರುತ್ತಾಳೆ. ಕೊಳದ ಬಳಿಯ ಏಟಿನ ದೃಶ್ಯದಲ್ಲಿ ದಿಲೀಪ್ ಕುಮಾರ್ ಅವರ ಮುಖ ಗಮನಿಸಿ. ಹೊಡೆದ ಮರುಗಳಿಗೆ ಅಲ್ಲಿ ಕಾಣುವುದು ತಾನು ಎಂಥವನೆಂದು ತನಗೇ ಗೊತ್ತಾದ ಭಯ. ಆ ಏಟು ಏಟಾಗಿಯೇ ಉಳಿಯುತ್ತದೆ.

ವೈಜಯಂತಿಮಾಲಾ ಚಂದ್ರಮುಖಿ. ಈ ಪಾತ್ರಕ್ಕೆ ಫಿಲ್ಮ್‌ಫೇರ್ ಪೋಷಕನಟಿ ಪ್ರಶಸ್ತಿ ಬಂದಾಗ ಅವರು ಸ್ವೀಕರಿಸಲಿಲ್ಲ. ತಮ್ಮದು ಪಾರ್ವತಿಗೆ ಸಮನಾದ ಪಾತ್ರ, ಪೋಷಕಪಾತ್ರವಲ್ಲ ಎಂಬುದು ಅವರ ನಿಲುವು. ಚಿತ್ರ ನೋಡಿದವರು ಅದನ್ನು ಒಪ್ಪಲೇಬೇಕು. ಇಬ್ಬರು ನಾಯಕಿಯರು ಇಲ್ಲಿ ಎದುರಾಗುವುದು ಒಂದೇ ಸಲ. ಒಬ್ಬಳು ಪಲ್ಲಕ್ಕಿಯಲ್ಲಿ, ಇನ್ನೊಬ್ಬಳು ಕಾಲ್ನಡಿಗೆಯಲ್ಲಿ, ದಾರಿಯಲ್ಲಿ ಹಾದುಹೋಗುತ್ತಾರೆ. ಒಂದು ನೋಟ, ಮಾತಿಲ್ಲ, ಹೆಸರೂ ಗೊತ್ತಿಲ್ಲ. ಭನ್ಸಾಲಿ ಅವರ ಚಿತ್ರದ ಹಾಡಿಗೂ ಈ ದೃಶ್ಯಕ್ಕೂ ನಡುವಿನ ದೂರವೇ ಎರಡು ಚಿತ್ರಗಳ ನಡುವಿನ ದೂರ. ಆಯ್ಕೆ ಮಾಡಲು ಸಮಯವಿಲ್ಲದವರು ಈ ಎರಡು ತುಣುಕುಗಳನ್ನು ನೋಡಿದರೂ ಸಾಕು, ತಮಗೆ ಯಾವುದು ಬೇಕೆಂದು ತಿಳಿಯುತ್ತದೆ.

ಮೋತಿಲಾಲ್ ಅವರ ಚುನ್ನಿಲಾಲ್ ಬಗ್ಗೆಯೂ ಹೇಳಬೇಕು. ಕುಡಿತಕ್ಕೆ ಕರೆದೊಯ್ಯುವ ಗೆಳೆಯನನ್ನು ಅವರು ದುಷ್ಟನಾಗಿಸಲಿಲ್ಲ. ನಗುವ, ಹಗುರ ಮನಸ್ಸಿನ, ಅದಕ್ಕೇ ಅಪಾಯಕಾರಿಯಾದ ಮನುಷ್ಯ ಅವನು. ನಾವೆಲ್ಲ ಇಂಥ ಒಬ್ಬನನ್ನು ಬಲ್ಲೆವು.

ಕೊರತೆ ಇಲ್ಲವೆಂದಲ್ಲ. ಎರಡನೆಯ ಅರ್ಧದಲ್ಲಿ ದೇವದಾಸನ ದುಃಖದ ಮೇಲೆ ಕ್ಯಾಮೆರಾ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತದೆ. ದಿಲೀಪ್ ಕುಮಾರ್ ಅವರ ಪಿಸುದನಿಗೆ ಅದರದೇ ಮೋಡಿ ಇರುವುದರಿಂದ ಕುಡಿತಕ್ಕೂ ಒಂದಿಷ್ಟು ಘನತೆ ಅಂಟಿಕೊಳ್ಳುತ್ತದೆ. ಅನುಮಾನದ ಪ್ರೇಕ್ಷಕ ಅಲ್ಲಿ ಎಚ್ಚರವಾಗಿರಲಿ. ಆದರೆ ಊರಿಂದೂರಿಗೆ ಗುರಿಯಿಲ್ಲದೆ ಸಾಗುವ ರೈಲು, ಪಾಂಡುವಾದಲ್ಲಿ ಇಳಿದು ಎತ್ತಿನ ಗಾಡಿಯಲ್ಲಿ ಹಾತಿಪೋತಾಕ್ಕೆ ಹೋಗುವ ಆ ರಾತ್ರಿ, ಇವು ಅಳಿಸಲೆಂದು ಹೂಡಿದ ಉಪಾಯಗಳಲ್ಲ. ಸಾಯುವ ಮುನ್ನ ಒಮ್ಮೆ ನಿನ್ನ ಬಾಗಿಲಿಗೆ ಬರುತ್ತೇನೆಂದು ಕೊಟ್ಟ ಮಾತೊಂದನ್ನಾದರೂ ಅವನು ಉಳಿಸಿಕೊಳ್ಳುತ್ತಿದ್ದಾನೆ. ಜೀವನದಲ್ಲಿ ಅವನು ಪೂರ್ತಿ ಮಾಡಿದ ಕೆಲಸ ಅದೊಂದೇ. ನನಗೆ ಕಣ್ಣು ಒದ್ದೆಯಾದದ್ದು ಅದು ಅರ್ಥವಾದಾಗ.

ಕಿವಿಗಾಗಿ ನೋಡುವವರಿಗೆ: ಸೈಗಲ್, ಅಕ್ಕಿನೇನಿ

ಬರುವಾ ಅವರ ಬಂಗಾಳಿ ಚಿತ್ರದಲ್ಲಿ ಅವರೇ ನಾಯಕ; ಹಿಂದಿಯಲ್ಲಿ ಕುಂದನ್‌ಲಾಲ್ ಸೈಗಲ್. ಎರಡರಲ್ಲೂ ಪಾರ್ವತಿ ಜಮುನಾ. ದೂರದ ರೈಲಿನಲ್ಲಿ ದೇವದಾಸ ಕೂಗಿಕೊಂಡರೆ ಇಲ್ಲಿ ಪಾರ್ವತಿ ಎಡವುವ, ಎರಡು ಜಾಗಗಳನ್ನು ಹೆಣೆಯುವ ಸಂಕಲನ ಆ ಕಾಲಕ್ಕೆ ದಿಟ್ಟ ಪ್ರಯೋಗ. ಇವತ್ತು ಚಿತ್ರದ ನಡೆ ನಿಧಾನ ಎನಿಸುತ್ತದೆ, ಸಿಗುವ ಪ್ರತಿಗಳಲ್ಲಿ ಚಿತ್ರವೂ ಧ್ವನಿಯೂ ಮಸುಕು. ಆದರೂ ಸೈಗಲ್ ಹಾಡಲು ತೊಡಗಿದರೆ ಯಾವ ಅನುಮಾನವೂ ನಿಲ್ಲುವುದಿಲ್ಲ, ಏಕೆಂದರೆ ಆ ದನಿಯಲ್ಲಿ ಬೇಡಿಕೆಯೇ ಇಲ್ಲ. ಒಂದು ಸಂಗತಿ ಮಾತ್ರ ಮನಸ್ಸಿಗೆ ಚುಚ್ಚುತ್ತದೆ: ತೆರೆಯ ಮೇಲೆ ಕುಡುಕನಾಗಿ ದೇಶವನ್ನೇ ಅಳಿಸಿದ ಸೈಗಲ್ ಸ್ವತಃ ಕುಡಿತದಿಂದ ಜರ್ಜರಿತರಾಗಿ 1947ರ ಜನವರಿಯಲ್ಲಿ 42ನೆಯ ವಯಸ್ಸಿಗೇ ತೀರಿಕೊಂಡರು. ಬಾಟಲಿಯನ್ನು ಪ್ರೇಮದ ಲಾಂಛನ ಮಾಡುವ ಪ್ರತಿ ಚಿತ್ರವನ್ನೂ ನೋಡುವಾಗ ನನಗೆ ಇದು ನೆನಪಾಗುತ್ತದೆ.

1953ರ ತೆಲುಗು ‘ದೇವದಾಸು’ ಕನ್ನಡ ನಾಡಿನ ಹಿರಿಯರಿಗೆ ಬಹುಶಃ ಹಿಂದಿಯದಕ್ಕಿಂತ ಹತ್ತಿರ, ಅದರಲ್ಲೂ ಬಳ್ಳಾರಿ, ಕೋಲಾರದ ಕಡೆಯವರಿಗೆ. ವೇದಾಂತಂ ರಾಘವಯ್ಯ ನಿರ್ದೇಶನ, ಅಕ್ಕಿನೇನಿ ನಾಗೇಶ್ವರ ರಾವ್ ಮತ್ತು ಸಾವಿತ್ರಿ. ಘಂಟಸಾಲ ಹಾಡಿದ ಗೀತೆಗಳು ಇಂದಿಗೂ ಬದುಕಿವೆ. ಸಂಗೀತ ನೀಡಿದ ಸಿ.ಆರ್. ಸುಬ್ಬರಾಮನ್ ಬಿಡುಗಡೆಗೆ ಮೊದಲೇ, ಚಿಕ್ಕ ವಯಸ್ಸಿನಲ್ಲಿ ತೀರಿಕೊಂಡಿದ್ದರು. ಸಾವಿತ್ರಿ ಅವರ ಪಾರ್ವತಿ ಸುಚಿತ್ರಾ ಸೇನ್ ಅವರಷ್ಟು ಬಿಗಿಯಲ್ಲ, ಅವರಿಗಿಂತ ಬೆಚ್ಚಗೆ. ಬಾಟಲಿ ಹಿಡಿದು ನಾಯಿಯ ಜೊತೆ ಕುಳಿತು ಜಗವೆಲ್ಲ ಮಾಯೆ ಎನ್ನುವ ದೃಶ್ಯದಲ್ಲಿ ಸೋಲಿಗೆ ವೇದಾಂತದ ಉಡುಪು ತೊಡಿಸಿದ್ದಾರೆ ಎಂಬ ಆಕ್ಷೇಪ ನನ್ನದು. ಹಾಡು ಮಾತ್ರ ಆಕ್ಷೇಪಕ್ಕೆ ಸಿಗುವುದಿಲ್ಲ. ತೆಲುಗು ತಿಳಿಯುವವರು 1955ರ ಚಿತ್ರಕ್ಕೆ ಸಮನಾಗಿ ಇದನ್ನು ಇಟ್ಟುಕೊಳ್ಳಬಹುದು.

2009: ಜಗಳವಾಡುವ ರೂಪ

ಅನುರಾಗ್ ಕಶ್ಯಪ್ ಅವರ ‘ದೇವ್ ಡಿ’ ಕಥೆಯನ್ನು ಪಂಜಾಬಿನ ಹೊಲಗಳಿಗೂ ದೆಹಲಿಯ ಪಹಾಡ್‌ಗಂಜ್‌ಗೂ ತಂದಿತು. ವಯಸ್ಕರಿಗಷ್ಟೇ ಮೀಸಲು, ಮಕ್ಕಳೊಂದಿಗೆ ಕೂತು ನೋಡುವಂಥದ್ದಲ್ಲ. ಅಭಯ್ ದೇವಲ್ ಅವರ ದೇವ್ ಗಾಳಿಮಾತು ನಂಬಿ ಪಾರೋಳನ್ನು ಅವಮಾನಿಸುತ್ತಾನೆ. ಇಲ್ಲಿ ಅತ್ತಿಗೆಯಿಲ್ಲ, ಸಂಚಿಲ್ಲ, ತಪ್ಪು ನೂರಕ್ಕೆ ನೂರು ಅವನದೇ. ಮಾಹಿ ಗಿಲ್ ಅವರ ಪಾರೋ ತನ್ನ ಆಸೆಯನ್ನು ಮುಚ್ಚಿಡುವುದಿಲ್ಲ. ಮದುವೆಯಾದ ಮೇಲೆ ಬೇರೆ ಬದುಕು ಕಟ್ಟಿಕೊಂಡು ಅವನ ಸ್ಥಾನ ಎಲ್ಲಿದೆಯೆಂದು ಅವನಿಗೇ ತೋರಿಸಿ ಹೋಗುತ್ತಾಳೆ. ಕಲ್ಕಿ ಕೇಕ್ಲಾ ಅವರ ಚಂದಾ ಶಾಲಾ ಹುಡುಗಿಯಾಗಿದ್ದಾಗ ತನ್ನ ಖಾಸಗಿ ವಿಡಿಯೊ ಮೊಬೈಲಿನಿಂದ ಮೊಬೈಲಿಗೆ ಹರಡಿದ್ದರಿಂದ ಮನೆಯನ್ನೂ ತಂದೆಯನ್ನೂ ಕಳೆದುಕೊಂಡವಳು.

ಉಳಿದೆಲ್ಲ ಚಿತ್ರಗಳೂ ಮರೆತದ್ದನ್ನು ಈ ಚಿತ್ರ ನೆನಪಿಟ್ಟಿದೆ: ಕುಡಿತ ಕುಡಿದವನನ್ನಷ್ಟೇ ಕೊಲ್ಲುವುದಿಲ್ಲ. ದೇವ್ ಅಮಲಿನಲ್ಲಿ ಕಾರು ಓಡಿಸಿ ದಾರಿಯಲ್ಲಿದ್ದ ಜನರ ಪ್ರಾಣ ತೆಗೆಯುತ್ತಾನೆ. ಅಲ್ಲಿಂದ ಮುಂದೆ ಅವನ ವಿರಹಕ್ಕೆ ಮರುಗಲು ಸಾಧ್ಯವಿಲ್ಲ, ಚಿತ್ರವೂ ಮರುಗು ಎಂದು ಕೇಳುವುದಿಲ್ಲ. ಅಮಿತ್ ತ್ರಿವೇದಿ ಅವರ ಸಂಗೀತಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಇಷ್ಟು ಹದವಾಗಿ ಕಟುವಾದ ಚಿತ್ರ ಕೊನೆಯಲ್ಲಿ ಅವಸರದಿಂದ ಅವನನ್ನು ಉಳಿಸಿಬಿಡುತ್ತದೆ. ಅವನು ಉಳಿಯಲು ಅರ್ಹನಾದ ಕ್ಷಣವನ್ನು ನಾವು ನೋಡುವುದೇ ಇಲ್ಲ. ಮೂಲ ಕಥೆಯ ಪರಿಚಯವಿಲ್ಲದೆ ನೋಡಿದರೆ ಅರ್ಧ ರುಚಿ ತಪ್ಪಿಹೋಗುತ್ತದೆ, ಆದ್ದರಿಂದ ಇದು ಎರಡನೆಯ ಸಂಜೆಗೆ.

ಇದ್ಯಾವುದೂ ಬೇಡವೆನ್ನುವವರಿಗೆ

ಗಂಡಸಿನ ದುಃಖದ ಸುತ್ತ ತಿರುಗುವ ಕಥೆಯೇ ಬೇಡ, ಬೇಡವೆಂದ ಹೆಣ್ಣಿನ ಜೊತೆಗೆ ಚಿತ್ರ ಕೊನೆಯವರೆಗೂ ನಿಲ್ಲಬೇಕು ಎನ್ನುವವರು ಬಂಗಾಳಕ್ಕೆ ಹೋಗಬೇಕಾಗಿಯೇ ಇಲ್ಲ. ತ್ರಿವೇಣಿ ಅವರ ಕಾದಂಬರಿ ಆಧರಿಸಿ ಪುಟ್ಟಣ್ಣ ಕಣಗಾಲ್ ತೆಗೆದ ‘ಬೆಳ್ಳಿಮೋಡ’ ಇದೆ. ಇಂದಿರಾಳ ತಂದೆಯ ಹಣದಲ್ಲಿ ಅಮೆರಿಕಕ್ಕೆ ಓದಲು ಹೋದ ಮೋಹನ, ಆ ಮನೆಗೆ ಗಂಡುಮಗು ಹುಟ್ಟಿ ಆಸ್ತಿ ಅವಳ ಕೈ ತಪ್ಪಿತೆಂದು ತಿಳಿದಾಗ ಸಂಬಂಧ ಮುರಿಯುತ್ತಾನೆ. ಗಾಯಗೊಂಡು ಮಲಗಿದಾಗ ಅವಳೇ ಆರೈಕೆ ಮಾಡುತ್ತಾಳೆ. ಅವನ ಮನಸ್ಸು ತಿರುಗಿ ಮದುವೆ ಕೇಳಿದಾಗ ಇಂದಿರಾ ಒಪ್ಪುವುದಿಲ್ಲ. ಕಲ್ಪನಾ ಅವರು ಆ ನಿರಾಕರಣೆಯನ್ನು ನಿಭಾಯಿಸಿರುವ ರೀತಿಯಲ್ಲಿ ಸೇಡಿಲ್ಲ, ಸ್ವಂತ ಬೆಲೆ ತಿಳಿದವಳ ಶಾಂತಿಯಿದೆ. ಬೇಂದ್ರೆಯವರ ‘ಮೂಡಲ ಮನೆಯ’ ಗೀತೆಯೂ ಇದರಲ್ಲೇ ಇದೆ. ಭಾವುಕತೆ ಇಲ್ಲಿ ಕಡಿಮೆಯೇನಲ್ಲ, ಕೆಲವು ದೃಶ್ಯಗಳು ಇಂದಿನ ಕಣ್ಣಿಗೆ ಉದ್ದ. ಆದರೆ ಪಾರ್ವತಿ ಕೊಳದ ಬಳಿ ಹೇಳಿದ ‘ಬೇಡ’ಕ್ಕೆ ಹಣೆಯ ಮೇಲೆ ಗಾಯ ಸಿಕ್ಕಿತು, ಇಂದಿರಾಳ ‘ಬೇಡ’ಕ್ಕೆ ಕಥೆಯ ಕೊನೆಯ ಮಾತಿನ ಸ್ಥಾನ ಸಿಕ್ಕಿದೆ.

ಒಂದೇ ಸಂಜೆ ಇದ್ದರೆ 1955ರದನ್ನು ನೋಡಿ. ಎರಡೂವರೆ ಗಂಟೆಗಿಂತ ಸ್ವಲ್ಪ ಹೆಚ್ಚು ಹಿಡಿಯುತ್ತದೆ. ಎರಡು ಸಂಜೆ ಇದ್ದರೆ ಮರುದಿನ ‘ದೇವ್ ಡಿ’. ಹದಿಹರೆಯದ ಮಕ್ಕಳು ಜೊತೆಗಿದ್ದರೆ ‘ದೇವ್ ಡಿ’ ಬದಲು ‘ಬೆಳ್ಳಿಮೋಡ’. 2002ರದನ್ನು ಈಗಾಗಲೇ ನೋಡಿ ಈ ಕಥೆಯ ಮೇಲೇ ಬೇಸರ ಪಟ್ಟುಕೊಂಡವರು ಚಿತ್ರಗಳನ್ನು ಸದ್ಯಕ್ಕೆ ಬಿಟ್ಟು ಕಾದಂಬರಿ ಹಿಡಿಯಲಿ. ಪುಟಗಳು ಹೆಚ್ಚಿಲ್ಲ, ಒಂದು ಭಾನುವಾರದಲ್ಲಿ ಮುಗಿಯುತ್ತದೆ, ನಡುರಾತ್ರಿ ಆ ಕೋಣೆಯಲ್ಲಿ ಪಾರ್ವತಿ ಏನು ಕೇಳಿದಳು, ದೇವದಾಸ ಏನೆಂದ ಎಂಬುದು ಅಲ್ಲಿ ಯಾವ ಹಿನ್ನೆಲೆ ಸಂಗೀತವೂ ಇಲ್ಲದೆ ಸಿಗುತ್ತದೆ.